ಅಮ್ಮ ಕಲಿಸಿದ ಗಂಟು

ಅಣ್ಣಾ,

ನೀನು ಕಳಿಸಿದ ಒಣಹುಲ್ಲಿನ ಗಾಡಿ ಬಂತು. ಬಿಡದೆ ಸುರಿದ ಮಳೆಗೆ ಎಲ್ಲರ ಬಣವೆ ಕೊಳೆತಿದೆ, ಎಲ್ಲೂ ಹುಲ್ಲು ಸಿಗ್ತಿಲ್ಲ, ಇದು ದೂರದೂರಿಂದ ತರಿಸಿದ್ದು, ಅದಕ್ಕೇ ಮೂರು ಪಟ್ಟು ರೇಟು ಅಂದ್ಯಂತೆ. ಗಾಡಿಯವನು ಹೇಳಿದ. ನಾನೂ ತಲೆಯಾಡಿಸಿದೆ. ಹಸಿದ ಹಸುವಿನ ಮುಂದೆ ಚೌಕಾಸಿ ಮಾಡೋಕಾಗುತ್ತಾ?

ಆದರೆ ಕಂತೆ ಬಿಚ್ಚೋವಾಗ ಕೈ ನಿಂತುಹೋಯ್ತು. ಹುರಿಯನ್ನ ಎಡಕ್ಕೆ ಸುತ್ತಿ, ತುದಿಯನ್ನ ಒಳಗೆ ಸಿಗಿಸಿದ ಗಂಟು. ಎಡಚಿಯಾಗಿದ್ದ ಅಮ್ಮ ಕಲಿಸಿದ್ದು. ಅವಳು ಹೋದಮೇಲೆ ಹಾಗೆ ಕಟ್ಟೋಳು ನಾನೊಬ್ಬಳೇ. ಬೇಸಿಗೆಯಲ್ಲಿ ಎಲ್ಲರ ಮನೇಲೂ ಹುಲ್ಲು ರಾಶಿ ಬಿದ್ದಿದ್ದಾಗ, "ಈಗ ಇದನ್ನ ಕೇಳೋರೇ ಇಲ್ಲ, ತಂಗಿ ಅಂತ ತಗೋತಿದೀನಿ" ಅಂದು ಪುಡಿಗಾಸಿಗೆ ಒಯ್ದೆಯಲ್ಲ, ಅದೇ ಹುಲ್ಲು. ನಿನ್ನ ಗೋದಾಮಿನ ಸೂರು ನನ್ನ ಕೊಟ್ಟಿಗೆ ಬಾಗಿಲಿಗೇ ಕಾಣುತ್ತೆ. ಎಷ್ಟು ದೂರದೂರು ಅಣ್ಣಾ ಅದು! ನನ್ನ ಕಣ್ಣಿಗೆ ಮಣ್ಣೆರಚಿದೆ ಸರಿ, ಕೈಗೆ ಹೇಗೆ ಎರಚ್ತೀಯ?

ನೀನು ಹೇಳಿದಷ್ಟೂ ದುಡ್ಡು ಗಾಡಿಯವನ ಕೈಲಿ ಕಳಿಸಿದೀನಿ, ಎಣಿಸಿಕೋ. ಮಿಕ್ಕ ಕಂತೆಗಳನ್ನ ಯಾರಿಗೆ ಬೇಕಾದರೂ, ಎಷ್ಟಕ್ಕೆ ಬೇಕಾದರೂ ಮಾರು. ಮಾರೋ ಮುಂಚೆ ಆ ಗಂಟುಗಳನ್ನ ಬಿಚ್ಚಿಸಿ, ನಿನ್ನ ಆಳುಗಳ ಕೈಲಿ ಬೇರೆ ಹುರಿ ಕಟ್ಟಿಸು. ನಾನು ನಿನಗೆ ಮಾರಿದ್ದು ಹುಲ್ಲು ಮಾತ್ರ.

ಇತಿ,
ನಿನ್ನ ಗಿರಾಕಿ