ಕದ ಮುಚ್ಚಿ ನೇಯುವವಳು

ಇಳಕಲ್ಲ
ಗುರುವಾರ, ೮ ಜನವರಿ ೨೦೨೬

ಅವ್ವಾ, ನಿನ್ನ ಪಾದಕ್ಕೆ ಲಲಿತಾಳ ಶರಣು.

ನಿನ್ನೆ ನೀನು ಫೋನಿನಲ್ಲಿ, "ಟಿವ್ಯಾಗ ಮಗ್ಗದ ಮ್ಯಾಲ ಅಳಿಯಾರು ಕುಂತಾರ, ನೀ ಚಾ ಕೊಡಾಕತ್ತಿ, ಕೈಗೇನರ ಆಗೇತೇನ ನಿನಗ?" ಎಂದು ಕೇಳಿದೆ. ನಾನು ಏನೂ ಇಲ್ಲ ಎಂದು ಇಟ್ಟುಬಿಟ್ಟೆ. ಸಿಟ್ಟಾಗಬೇಡ. ಫೋನು ಸ್ಪೀಕರಿನಲ್ಲಿತ್ತು, ಅತ್ತೆ ಪಕ್ಕದಲ್ಲೇ ಜೋಳ ಹಸನು ಮಾಡುತ್ತ ಕುಳಿತಿದ್ದರು. ಅದಕ್ಕೇ ಈ ಕಾಗದ. ಎದುರು ಮನೆಯ ಖುಶನುಮಾ ನಾಳೆ ನಿಮ್ಮ ಕಮತಗಿಗೇ ತವರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕೊಡುತ್ತೇನೆ.

ನನ್ನ ಕೈ ಗಟ್ಟಿಮುಟ್ಟಾಗಿದೆ. ನಿನ್ನ ಅಳಿಯ ಸೀರೆಯ ಗಂಟು ಹೊತ್ತು ಊರೂರು ತಿರುಗುವವರೇ ಹೊರತು ಒಂದು ದಿನವೂ ಕುಣಿಮಗ್ಗದಲ್ಲಿ ಕಾಲಿಳಿಸಿದವರಲ್ಲ. ಅದು ನಿನಗೂ ಗೊತ್ತು. ದೀಪಾವಳಿಗೆ ಮುಂಚೆ ಬೆಂಗಳೂರಿನಿಂದ ಒಂದು ಟಿವಿಯವರು ಬಂದರು. ಅವರ ದೊಡ್ಡಾತ ಮನೆಯನ್ನೆಲ್ಲ ನೋಡಿ, "ಯಜಮಾನ್ರು ಮಗ್ಗದ ಮೇಲೆ ಕೂರ್ಲಿ, ಅಮ್ಮ ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ಲಿ, ಚಹಾ ತಂದ್ಕೊಡ್ಲಿ, ಸಂಸಾರ ಅಂದ್ರೆ ಹಿಂಗಿರ್ಬೇಕು" ಎಂದ. ಸರಿ, ಕೂತರು. ನಾನು ತಲೆ ತುಂಬ ಸೆರಗು ಹೊದ್ದು ಅದೇ ಚಹಾ ನಾಲ್ಕು ಸಲ ತಂದುಕೊಟ್ಟೆ. ನಾಲ್ಕನೇ ಸಲಕ್ಕೆ ಅದು ತಣ್ಣಗಾಗಿತ್ತು, ಆದರೂ ಇವರು ಊದಿ ಕುಡಿದರು. ಇವರು ಲಾಳಿ ಎಸೆದ ಚಂದಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಮೂವತ್ತು ಎಳೆ ಹರಿದವು. ಅವನ್ನು ಕೂಡಿಸಲು ನನಗೆ ಮರುದಿನ ಸಂಜೆಯವರೆಗೆ ಹಿಡಿಯಿತು, ಆಗ ಯಾವ ಕ್ಯಾಮೆರಾದವನೂ ಇರಲಿಲ್ಲ.

ಅದನ್ನು ಮೊಬೈಲಿನಲ್ಲೂ ಬಿಟ್ಟರು, ಟಿವಿಯಲ್ಲೂ ಮತ್ತೆ ಮತ್ತೆ ಹಾಕುತ್ತಾರೆ; ಆ ವಿಡಿಯೊವನ್ನು ಲಕ್ಷಗಟ್ಟಲೆ ಮಂದಿ ನೋಡಿದರಂತೆ. ಕೆಳಗೆ ಬರೆದದ್ದನ್ನು ಅತ್ತೆ ಮೊಮ್ಮಗಳು ಶಿವಗಂಗಾಳಿಂದ ದಿನಾ ಓದಿಸಿ ಕೇಳುತ್ತಾರೆ. ಹೆಂಡತಿ ಎಂದರೆ ಹೀಗಿರಬೇಕು, ಗಂಡ ಬೆವರು ಸುರಿಸುವಾಗ ಹತ್ತಿರ ನಿಂತು ನಗುವ ಮುಖ ನೋಡಿರಿ, ಇಂಥವೇ. ಕೂಡಲಸಂಗಮಕ್ಕೆ ಬಂದವರು ಹಾಗೇ ಇಳಕಲ್ಲಿಗೂ ಬಂದು 'ಟಿವಿಯ ನೇಕಾರರ ಮನೆ' ಕೇಳುತ್ತಾರೆ. ಮೊದಲು ನಾನು ಓಣಿಯ ಕಡೆ ಬಾಗಿಲು ತೆರೆದಿಟ್ಟು, ಹೋಗುವವರು ಬರುವವರ ಜೊತೆ ಹರಟುತ್ತ ನೇಯುತ್ತಿದ್ದೆ. ಈಗ ಕದ ಹಾಕಿ, ಕಿಟಕಿಗೆ ಗೋಣಿ ಇಳಿಬಿಟ್ಟು, ಹಗಲಲ್ಲೇ ದೀಪ ಹಚ್ಚಿಕೊಂಡು ನೇಯುತ್ತೇನೆ. ಯಾರಾದರೂ ಕದ ಬಡಿದರೆ ಕುಣಿಯಿಂದ ಎದ್ದು ಒಳಗೆ ಹೋಗಬೇಕು, ಇವರು ಬಂದು ಕೂರಬೇಕು. ನನ್ನ ಮನೆಯಲ್ಲಿ ನಾನೇ ಕಳ್ಳಿ.

ಹೋದ ವಾರ ಶಿವಗಂಗಾ ಸಾಲೆಯ ಫಾರಮ್ಮಿನಲ್ಲಿ ತಂದೆ ನೇಕಾರ, ತಾಯಿ ಮನೆಗೆಲಸ ಎಂದು ಬರೆದಿದ್ದಳು. "ಹುಟ್ಟಿದಾಗಿಂದ ಲಾಳಿ ಸಪ್ಪಳದಾಗ ಮಲಗೀದಿ, ಯಾರು ನೇಯೋದು ಗೊತ್ತಿಲ್ಲೇನ?" ಎಂದೆ. "ಗೊತ್ತೈತಿ ಅವ್ವಾ. ಆದ್ರ ನಮ್ಮ ಟೀಚರ್ ಟಿವಿ ನೋಡ್ಯಾರ. ಖರೆ ಬರದ್ರ ಸುಳ್ಳ ಬರದಿ ಅಂತಾರ" ಎಂದಳು. ಹನ್ನೊಂದು ವರ್ಷದ ಹುಡುಗಿ.

ಇದೂ ಇರಲಿ ಎಂದು ನುಂಗಿಕೊಳ್ಳುತ್ತಿದ್ದೆ. ಆದರೆ ಈಗ ನವನಗರದ ಒಂದು ತರಬೇತಿ ಸಂಸ್ಥೆಯವರು ಹೆಣ್ಣುಮಕ್ಕಳಿಗೆ ಕೊಂಡಿ ಹಾಕುವುದನ್ನು ಕಲಿಸಲು ಒಬ್ಬರನ್ನು ಹುಡುಕುತ್ತಿದ್ದಾರೆ. ಸೀರೆಯ ಒಡಲಿನ ಹಾಸಿನ ಎಳೆಗೆ ಸೆರಗಿನ ಹಾಸಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸುವ ಆ ಕೆಲಸ ನೀನು ನನ್ನ ಬೆರಳಿಗೆ ಹೊಡೆದು ಹೊಡೆದು ಕಲಿಸಿದ್ದು. ವಿಡಿಯೊ ನೋಡಿ ಅವರು ಪತ್ರ ಬರೆದದ್ದು ಇವರ ಹೆಸರಿಗೆ. ಸೋಮವಾರ ಮನೆಗೇ ಬಂದು ಇವರ ಕೈಕೆಲಸ ನೋಡುತ್ತಾರಂತೆ. ಅವ್ವಾ, ಆ ಕೆಲಸ ನನಗೆ ಬೇಕು. ಈ ಜನ್ಮದಲ್ಲಿ ಬೇರೆ ಏನನ್ನೂ ಇಷ್ಟು ಬೇಡಿಲ್ಲ.

"ಸೋಮವಾರ ನಾ ಕುಂದ್ರತೇನಿ" ಎಂದು ಇವರಿಗೆ ಹೇಳಿದೆ. ಇವರು ಕೆಟ್ಟವರಲ್ಲ, ಮುಖ ಸಣ್ಣದಾಯಿತು. "ಅಷ್ಟ ಮಂದಿ ಮುಂದ ನಾ ಸುಳ್ಳ ಆಗತೇನಿ. ನಮ್ಮ ಸೀರಿ ಆಮ್ಯಾಲ ಯಾರ ತಗೋತಾರ? ಎಂಟ ದಿನದಾಗ ನನಗ ಕಲಸಿಬಿಡು" ಎಂದರು. ಅತ್ತೆ, "ಗಂಡನ ಮರ್ಯಾದಿ ಓಣ್ಯಾಗ ಹಾಕಬ್ಯಾಡ" ಎಂದರು. ಕಲಿಸಲು ಕೂತೆ. ಸೀರೆಯ ಗಂಟು ಕಟ್ಟಿದ ಬೆರಳು, ಎಳೆ ಹಿಡಿಯಲೊಲ್ಲದು. ಕಡೆಗೆ ಇವರೇ ಒಂದು ಉಪಾಯ ತೆಗೆದರು. ಸೋಮವಾರ ಇವರ ಬಲಗೈಗೆ ಬ್ಯಾಂಡೇಜು. ಇವರು ಬಾಯಿಯಲ್ಲಿ ಹೇಳುವುದು, ಹೆಂಡತಿ ಕೈಯಿಂದ ಮಾಡುವುದು. ಯಾವ ಎಳೆ ಯಾವುದಕ್ಕೆ ಎಂದು ನಾನೇ ಇವರಿಗೆ ಮೂರು ದಿನದಿಂದ ಬಾಯಿಪಾಠ ಮಾಡಿಸುತ್ತಿದ್ದೇನೆ. ಹೂಂ ಅಂದಿದ್ದೇನೆ. ಇನ್ನೇನು ಮಾಡಲಿ.

ನೀನು ಬರುವೆನೆಂದು ಹೊರಡಬೇಡ. ನಿನ್ನ ಮೊಣಕಾಲು ನೋವು, ಬಸ್ಸಿನ ಗದ್ದಲ. ಇಲ್ಲಿ ಎಲ್ಲ ಸುಧಾರಿಸಿಕೊಳ್ಳುತ್ತದೆ. ತಮ್ಮನಿಗೆ ಇದನ್ನು ಹೇಳಬೇಡ, ಸುಮ್ಮನೆ ಬಂದು ಜಗಳ ತೆಗೆದಾನು.

ನೀನು ಮಗ್ಗಕ್ಕೆ ಕೂರಿಸಿದ ಮಗಳು,
ಲಲಿತಾ

ತಾ.ಕ.: ಮೇಲೆ ಬರೆದದ್ದರಲ್ಲಿ ಒಂದನ್ನು ಮುಚ್ಚಿಟ್ಟೆ. ಟಿವಿಯ ದೊಡ್ಡಾತ ಒಳಗೆ ಬರುವ ಮೊದಲೇ, ಮೈಕು ಹಿಡಿದ ಹುಡುಗಿ ಬಂದು ಇಲ್ಲಿ ನೇಯುವವರು ಯಾರು ಎಂದು ನನ್ನನ್ನೇ ಕೇಳಿದಳು. ಇವರು ಊರಲ್ಲೇ ಇರಲಿಲ್ಲ, ಮಧ್ಯಾಹ್ನ ಬಂದರು. ಅತ್ತೆ ಹಿತ್ತಲಲ್ಲಿದ್ದರು. ನನ್ನ ಕಾಲು ಇನ್ನೂ ಕುಣಿಯಲ್ಲೇ ಇತ್ತು. ಆದರೂ ನಾನು ಸೆರಗು ಸರಿಮಾಡಿಕೊಂಡು, "ಇವರ ನೇಯ್ತಾರ್ರಿ, ನಾ ಕೈಯಾಸರಿ ಅಷ್ಟ" ಎಂದೆ. ಯಾರೂ ಹೇಳಿಕೊಡಲಿಲ್ಲ ಅವ್ವಾ. ಇಷ್ಟು ವರ್ಷ ದಿನಾ ಸಂಜೆ ಟಿವಿಯಲ್ಲಿ ಒಳ್ಳೆಯ ಹೆಂಗಸರು ಹಾಗೇ ಅನ್ನುವುದನ್ನು ನೋಡಿದ್ದೆ, ಮೈಕು ಬಾಯಿಗೆ ಬಂದಾಗ ಅದೇ ಬಂತು. ಇವರು ಬಂದು ನಾನು ಹಾಗೆ ಹೇಳಿದ್ದನ್ನು ಕೇಳಿ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಸೋಮವಾರ ಸಂಸ್ಥೆಯವರೂ ನನ್ನನ್ನೇ ಕೇಳಿದರೆ ಮತ್ತೆ ಅದೇ ಬಂದುಬಿಡುತ್ತದೆ ಎಂದು ಹೆದರಿಕೆ. ಮೊದಲ ಬಸ್ಸಿಗೆ ಬಾ. ನೀನು ಎದುರಿಗೆ ಕೂತಿದ್ದರೆ ನನಗೆ ಹಾಗೆ ಹೇಳಲಾಗುವುದಿಲ್ಲ.