ಚಿಗುರಮ್ಮನ ಕಾವಲು

ನವೆಂಬರ್ ೧೪, ಬೆಳಿಗ್ಗೆ

ಏಣಿ ಹತ್ತಿ ಬಂದು ಬೈನಾಕ್ಯುಲರ್ ಒರೆಸಿದ್ದಾಯಿತು. ಕಾಡು ಇನ್ನೂ ಹಸಿರು. ತೊರೆಯ ಅಂಚಿನ ಮರಗಳು ಮಾತ್ರ ಹಳದಿಗೆ ತಿರುಗುತ್ತಿವೆ. ಬೆಂಕಿ ಕಾವಲಿಗೆಂದು ಈ ಗೋಪುರ ಹತ್ತಿದ ಮೊದಲ ಹೆಂಗಸು ನಾನು. ಫೋನಿನಲ್ಲಿ ಅಮ್ಮನದು ಇವತ್ತೂ ಅದೇ ರಾಗ. "ಅಷ್ಟೆತ್ತರದಲ್ಲಿ ಒಬ್ಳೇ ಕೂತು ಮರ ನೋಡೋದೂ ಒಂದು ಕೆಲ್ಸಾನೇನೇ?"

ಕೆಲಸವೇ. ಬಿಂಕದಿಂದಲೇ ಹೇಳಿದೆ.

ಜನವರಿ ೯

ಎಲೆ ಉದುರಿದೆ. ಕಾಡು ಒಳಗಿನದನ್ನೆಲ್ಲ ತೋರಿಸುತ್ತಿದೆ... ಬಂಡೆ, ಕಾಲುದಾರಿ, ಹದ್ದಿನ ಗೂಡು. ಇಷ್ಟು ದಿನ ಕಣ್ಣಿಗೆ ಬಿದ್ದೇ ಇರಲಿಲ್ಲ. ನೆಲದ ತುಂಬ ತರಗೆಲೆ. ಒಂದು ಕಿಡಿ ಸಾಕು. ಇನ್ನು ಮೈಯೆಲ್ಲ ಕಣ್ಣಾಗಿರಬೇಕು.

ಫೆಬ್ರವರಿ ೨೬

ಮಾನ ಹೋಯಿತು. ಬೆಳಗಿನ ಓರೆ ಬಿಸಿಲಿಗೆ ಪೂರ್ವದ ಇಳಿಜಾರು ಧಗಧಗ ಹೊಳೆಯಿತು. ವಾಕಿಟಾಕಿ ಹಿಡಿದು ಕೂಗಿಕೊಂಡೆ. ಜೀಪು, ಟ್ಯಾಂಕರ್, ಜನ, ಎಲ್ಲ ಓಡಿದರು. ಹೋಗಿ ನೋಡಿದರೆ — ಕೆಂಪು ಚಿಗುರು. ನಿನ್ನೆವರೆಗೆ ಬೋಳಾಗಿದ್ದ ಮರಗಳು.

ಜೀಪಿನ ಡ್ರೈವರ್ ಅಣ್ಣ ಒಂದು ಕೊಂಬೆ ತಂದು ಕೈಗಿತ್ತ. "ತಗೋ ಚಿಗುರಮ್ಮ, ಆರಿಸ್ಕೊಂಡು ಬಂದ್ವಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಮೇಲೆ ಬಂದು ಅತ್ತೆ. ಹೆಸರಂತೂ ಅಂಟಿಕೊಂಡಿತು.

ಮಾರ್ಚ್ ೧೯, ಸಂಜೆ

ಇವತ್ತಿನದನ್ನು ಬರೆದೇ ತೀರಬೇಕು.

ಮಧ್ಯಾಹ್ನ ಊಟದ ಡಬ್ಬಿ ತೆರೆದಿದ್ದೆ. ತೊರೆಯಾಚೆಯ ತಗ್ಗಿನಲ್ಲಿ ಬೂದು ಎಳೆಯೊಂದು. ಮಂಜೇ? ಈ ಬಿಸಿಲಿನಲ್ಲೆಲ್ಲಿಯ ಮಂಜು. ಧೂಳೇ? ಆ ಕಡೆ ದಾರಿಯೇ ಇಲ್ಲ. ವಾಕಿಟಾಕಿ ಎತ್ತಿದೆ. ಈ ಸಲವೂ ಸುಳ್ಳಾದರೆ... ಆಗಲಿ, ನಗಲಿ. ಗುಂಡಿ ಒತ್ತಿದೆ.

"ಖಾತ್ರಿನಾ?" ಆಚೆಯಿಂದ ರೇಂಜರ್ ಸಾಹೇಬರು ಕೇಳಿದರು.

"ಖಾತ್ರಿ ಇಲ್ಲ ಸರ್. ಆದ್ರೆ ದಿನಾ ನೋಡೋ ಜಾಗ, ಇವತ್ತು ಬೇರೆ ಥರ ಇದೆ."

ಅವರು ಜೀಪಿನವರನ್ನು ಕೂಗಿದ್ದು ಕೇಳಿಸಿತು. ಆಮೇಲೆ, "ಹೊರಟ್ವಿ."

ಬೆಂಕಿಯೇ. ಒಂದು ಬಿದಿರು ಮೆಳೆ ಹೋಯಿತು, ಕಾಡು ಉಳಿಯಿತು. ಈಗ ಡ್ರೈವರ್ ಅಣ್ಣ ಮಸಿ ಮೆತ್ತಿದ ಮುಖದಲ್ಲೇ ಕೆಳಗೆ ನಿಂತು ಕರೆಯುತ್ತಿದ್ದಾನೆ. "ಚಿಗುರಮ್ಮ, ಇಳಿದು ಬಾರಮ್ಮ. ನೀನು ಬರೋವರ್ಗೂ ಯಾರೂ ಟೀ ಮುಟ್ಟಲ್ವಂತೆ."

ಯಾರೂ ನಗುತ್ತಿಲ್ಲ. ನನಗೇ ನಗು ತಡೆಯಲಾಗುತ್ತಿಲ್ಲ.

ಜೂನ್ ೬

ಎರಡು ಮಳೆ ಬಿದ್ದಿವೆ. ಸುಟ್ಟ ತಗ್ಗಿನಲ್ಲೂ ಹುಲ್ಲು ಮೊಳೆತಿದೆ. ಈ ವರ್ಷದ ಕಾವಲು ನಾಳೆಗೆ ಮುಗಿಯಿತು.

ಹೇಳದೆ ಕೇಳದೆ ಅಮ್ಮ ಬಂದಿದ್ದಾಳೆ. ಮಹಡಿ ಕಿಟಕಿಯಿಂದ ಬಗ್ಗಿದರೂ ತಲೆ ತಿರುಗುವವಳು, ಏಣಿಗೆ ಕೈ ಹಾಕಿದಳು.

"ಅಲ್ಲೇ ಇರಮ್ಮ, ನಾನೇ ಬರ್ತೀನಿ" ಎಂದೆ.

"ನೀನ್ ಸುಮ್ನಿರೇ. ನನ್ ಮಗಳು ಕಾದ ಕಾಡು, ನಾನು ನೋಡ್ಬೇಡ್ವಾ?"

ಬಗ್ಗಿ ನೋಡಿದರೂ ಬೈಯುತ್ತಾಳೆ. ಅದಕ್ಕೇ ಸುಮ್ಮನೆ ಬರೆಯುತ್ತ ಕೂತಿದ್ದೇನೆ. ಅರ್ಧಕ್ಕೆ ನಿಂತು ಏದುಸಿರು ಬಿಟ್ಟಳು. ಮತ್ತೆ ಹತ್ತುತ್ತಿದ್ದಾಳೆ. ಬಳೆ ಸದ್ದು ಹತ್ತಿರವಾಯಿತು. ಇಗೋ, ಬೆರಳು ಕಂಡಿತು, ಕೈ ಕೊಡ—