ಮೊಳೆಗೆ ಸಿಕ್ಕಿಸಿದ ಚೀಟಿ

ಒಳಕೋಣೆಯಲ್ಲಿ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಂಡಿರುವ ನನ್ನ ಅಪ್ಪನಿಗೆ,

ಹತ್ತು ಹೆಜ್ಜೆ ಈಚೆಗಿನ ಅಡುಗೆಮನೆಯಿಂದ ಬರೆಯುತ್ತಿದ್ದೇನೆ. ನಗಬೇಡಿ. ಬಾಯಿಬಿಟ್ಟು ಹೇಳಲಾಗದ್ದನ್ನು ಬರೆದಿಡಲು ಕಲಿಸಿದವರು ನೀವೇ.

ದಾದರಿನ ಹೋಟೆಲಿನಲ್ಲಿ ನೀವು ಸ್ಟೋರ್ ನೋಡಿಕೊಳ್ಳುತ್ತಿದ್ದಿರಿ. ಅಡುಗೆಯವರು ಬೇಕಾದ್ದನ್ನು ಚೀಟಿ ಬರೆದು ಮೊಳೆಗೆ ಸಿಕ್ಕಿಸಬೇಕು, ನೀವು ತರಬೇಕು. ಅಮ್ಮ ತೀರಿಕೊಂಡ ಮೇಲೆ ನಮ್ಮ ಚಾಳಿನ ಕೋಣೆಯ ಬಾಗಿಲ ಹಿಂದೆಯೂ ಒಂದು ಮೊಳೆ ಹೊಡೆದಿರಿ. "ಬೇಕಾದ್ದು ಬರೆದಿಡು ಮಗಾ. ಯಾಕೆ ಅಂತ ಕೇಳ್ಲಿಕ್ಕಿಲ್ಲ, ತರ್ಲಿಕ್ಕೆ ಮಾತ್ರ ಉಂಟು" ಅಂದಿರಿ. ಪೆನ್ಸಿಲ್, ಹೇರ್‌ಪಿನ್, ಕೆಮ್ಮಿನ ಔಷಧಿ ಎಲ್ಲ ಹಾಗೆಯೇ ಬಂದವು.

ಏಳನೇ ಕ್ಲಾಸಿನಲ್ಲಿ ನನಗೆ ಬ್ರಾ ಬೇಕಾಯಿತು. ಪಕ್ಕದ ಕೋಣೆಯ ವಿನೋದಿನಿ ಅಕ್ಕ ಊರಿಗೆ ಹೋಗಿದ್ದರು. ನಾಲ್ಕು ದಿನ ಚೀಟಿ ಬರೆದೆ, ಹರಿದೆ. ಐದನೇ ದಿನ ಸಿಕ್ಕಿಸಿ ಶಾಲೆಗೆ ಓಡಿದೆ. ಮರುದಿನ ಶಾಲೆ ಬಿಟ್ಟು ಬಂದರೆ, ಮಧ್ಯಾಹ್ನದ ಬಿಡುವಿನಲ್ಲಿ ಬಂದಿದ್ದ ನೀವು ಪೊಟ್ಟಣ ಹಿಡಿದು ಕೂತಿದ್ದಿರಿ. ಒಂದು ಡಜನ್! ಎಲ್ಲವೂ ಬಿಳಿ, ಎಲ್ಲವೂ ಒಂದೇ ಅಳತೆ, ವಿನೋದಿನಿ ಅಕ್ಕನಿಗೂ ದೊಡ್ಡದಾಗುವಂಥವು. ಅಯ್ಯೋ ದೇವರೇ, ಹೋಟೆಲಿಗೆ ಲೋಟ ತರುವ ಹಾಗೆ! "ದೊಡ್ಡದೇ ತಂದೆ, ಬೆಳೀತಿಯಲ್ಲ" ಅಂದಿರಿ, ಗೋಡೆಯ ಕ್ಯಾಲೆಂಡರ್ ನೋಡುತ್ತಾ.

ನಾನು ಎಲ್ಲವನ್ನೂ ನೆಲಕ್ಕೆ ಬಿಸಾಡಿದೆ. "ನಿಮಗೆ ಎಂತ ಗೊತ್ತುಂಟು? ಉಳಿಯಬೇಕಾದದ್ದು ಅಮ್ಮ, ನೀವಲ್ಲ" ಅಂದೆ. ನೀವು ಒಂದೊಂದನ್ನೇ ಹೆಕ್ಕಿ, ಮಡಚಿ, ಚೀಲಕ್ಕೆ ಹಾಕಿಕೊಂಡು ಡ್ಯೂಟಿಗೆ ಹೋದಿರಿ.

ಆಮೇಲೆ ಆ ಮೊಳೆಗೆ ನಾನು ಏನನ್ನೂ ಸಿಕ್ಕಿಸಲಿಲ್ಲ. ಎಲ್ಲದಕ್ಕೂ ವಿನೋದಿನಿ ಅಕ್ಕನೇ. ಅವರು ಊರಿಂದ ಬಂದ ಮೇಲೆ, ಬದಲಾಯಿಸಿ ಕೊಡಿ ಎಂದು ಅವರ ಕೈಗೆ ಆ ಚೀಲ ಕೊಡುವಾಗ ನೀವೇ ಹೇಳಿದ್ದಿರಂತೆ: ಅಂಗಡಿಯ ಮುಂದೆ ಮೂರು ಸಲ ಹೋಗಿ ಬಂದು, ಕೊನೆಗೆ ಹೆಂಗಸರ ನಡುವೆ ತಲೆ ತಗ್ಗಿಸಿ ನಿಂತು, ಮಗಳ ಚೀಟಿಯನ್ನೇ ಕೌಂಟರಿನ ಮೇಲಿಟ್ಟೆ ಅಂತ. ಅಕ್ಕ ಇದನ್ನು ನನಗೆ ಹೇಳಿದ್ದು ನನ್ನ ಮದುವೆಯ ದಿನ. ಆಗಲೂ ನಾನು ನಿಮ್ಮ ಕ್ಷಮೆ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ, ಅಪ್ಪ.

ಪರೇಲಿನ ಆಸ್ಪತ್ರೆಯಲ್ಲಿ ಪ್ರಾಸ್ಟೇಟ್ ಆಪರೇಷನ್ ಆಗಿ ನೀವು ಪವಾಯಿಯ ನಮ್ಮ ಮನೆಗೆ ಬಂದು ಎರಡು ತಿಂಗಳಾಯಿತು. ನೀರು ಕುಡಿಯುವುದಿಲ್ಲ. ಜೀವಮಾನವಿಡೀ ಚಹಾದ ಮೇಲೆ ಬದುಕಿದ ನೀವು ಚಹಾ ಬೇಡ ಅನ್ನುತ್ತೀರಿ. ನಾನು ಏಳುವ ಮೊದಲೇ ನಿಮ್ಮ ಬೆಡ್‌ಶೀಟ್ ಒಗೆದು ಹರವಿರುತ್ತದೆ. ನಿನ್ನೆ ತಲೆ ತಿರುಗಿ ಬಿದ್ದಿರಿ. ನೀರು ಕಮ್ಮಿಯಾಗಿದೆ, ಹೀಗೇ ಆದರೆ ಕಿಡ್ನಿ ಹೋಗುತ್ತದೆ ಅಂದರು ಡಾಕ್ಟರ್. ಬರುವ ದಾರಿಯಲ್ಲಿ ಕೇಳಿದರೆ "ಎಂತ ಇಲ್ಲ ಮಗಾ, ಸೆಖೆ" ಅಂದಿರಿ. ನನಗೆ ಎಲ್ಲ ಗೊತ್ತಾಗುತ್ತದೆ. ತುಂಬ ಭಯವೂ ಆಗುತ್ತಿದೆ.

ನೀವು ಸ್ನಾನಕ್ಕೆ ಹೋದಾಗ ನಿಮ್ಮ ಬಾಗಿಲ ಹಿಂದೆ ಒಂದು ಮೊಳೆ ಹೊಡೆದಿದ್ದೇನೆ. ಕಪಾಟಿನ ಕೆಳಗಿನ ಖಾನೆಯಲ್ಲಿ ದೊಡ್ಡವರ ಡೈಪರ್ ಇದೆ. ಅಂಗಡಿಯವನು ಸೈಜ್ ಕೇಳಿದ, ನನಗೆ ಗೊತ್ತಿರಲಿಲ್ಲ. ಮೂರೂ ಸೈಜ್ ತಂದೆ. ಸರಿಯಾಗದಿದ್ದರೆ ನೆಲಕ್ಕೆ ಬಿಸಾಡಿ, ನಾನು ಹೆಕ್ಕಿಕೊಳ್ಳುತ್ತೇನೆ. ಸರಿಯಾದದ್ದು ಯಾವುದೆಂದು ಬರೆದು ಸಿಕ್ಕಿಸಿ. ಯಾಕೆ ಅಂತ ಕೇಳುವುದಿಲ್ಲ.

ಮೇಜಿನ ಮೇಲೆ ಚೊಂಬು ತುಂಬ ನೀರಿದೆ. ಕುಡಿಯಿರಿ. ಕುಡಿದು ನನ್ನನ್ನು ಹರಸಿ.

ನೀವು ಉಳಿದದ್ದೇ ತನ್ನ ಪುಣ್ಯ ಎಂದು ತಡವಾಗಿ ತಿಳಿದುಕೊಂಡ,
ವಿಜೇತಾ